ಮಿಂಚಿನ ಅಂಗಿಯೂ ಅಣ್ಣನ ಕೋಟೂ

ಈ ಕಾಲೇಜಿಗೆ ಸೇರಿದ ಮೊದಲನೆಯ ದಿನವೇ ನಾನು ನನ್ನ ಹೆಸರನ್ನು ಕಳೆದುಕೊಂಡೆ. ಹಾಜರಿ ತೆಗೆದುಕೊಳ್ಳುತ್ತಿದ್ದ ಅಧ್ಯಾಪಕರು ನನ್ನ ಹೆಸರಿನವರೆಗೆ ಬಂದು, ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, "ನೀನು ಅವನ ತಮ್ಮನಲ್ಲವೇ?" ಎಂದು ಕೇಳಿದರು. ಹೌದೆಂದು ತಲೆಯಾಡಿಸಿದೆ. ಅಂದಿನಿಂದ ಇಂದಿನವರೆಗೆ, ಅಂದರೆ ಎರಡು ವರ್ಷ ಮೂರು ತಿಂಗಳ ಕಾಲ, ಈ ಕಟ್ಟಡದೊಳಗೆ ನಾನು 'ಅವನ ತಮ್ಮ'ನಾಗಿಯೇ ಬದುಕಿದ್ದೇನೆ. ಗ್ರಂಥಾಲಯದಲ್ಲಿ ಪುಸ್ತಕ ಕೊಡುವವರು ನನ್ನ ಗುರುತಿನ ಚೀಟಿಯನ್ನು ಕೇಳುವುದಿಲ್ಲ. ಮುಖ ನೋಡಿ ನಗುತ್ತಾರೆ. ಕ್ಯಾಂಟೀನಿನಲ್ಲಿ ನನಗೆ ಕೇಳದೆಯೇ ಸಕ್ಕರೆ ಕಡಿಮೆ ಹಾಕಿದ ಕಾಫಿ ಬರುತ್ತದೆ, ಏಕೆಂದರೆ ಅವನು ಹಾಗೆ ಕುಡಿಯುತ್ತಿದ್ದ. ನನಗೆ ಸಕ್ಕರೆ ಬೇಕು. ಇದುವರೆಗೆ ಹೇಳಿಲ್ಲ.

'ಅವನು' ಎಂದರೆ ನನ್ನ ಅಣ್ಣ. ನನಗಿಂತ ನಾಲ್ಕು ವರ್ಷ ಮುಂಚೆ ಇದೇ ಬೆಂಚುಗಳ ಮೇಲೆ ಕುಳಿತು ಬಿ.ಎ. ಮಾಡಿದವನು. ನಮ್ಮ ಕಾಲೇಜಿನ ಮೆಟ್ಟಿಲ ಪಕ್ಕದ ಮರದ ಹಲಗೆಯನ್ನು ನೀವೆಲ್ಲರೂ ನೋಡಿದ್ದೀರಿ. ಚರ್ಚಾಸ್ಪರ್ಧೆಯ ಸಾಲಿನಲ್ಲಿ ಒಂದೇ ಹೆಸರು ಒಂದರ ಕೆಳಗೊಂದು ಎರಡು ಸಲ ಬಿಳಿಯ ಬಣ್ಣದಲ್ಲಿದೆ. ಅವನು ಮಾತನಾಡಲು ನಿಂತರೆ ಧ್ವನಿವರ್ಧಕ ಕೆಟ್ಟಿದ್ದರೂ ಕೊನೆಯ ಸಾಲಿನವರಿಗೆ ಕೇಳುತ್ತಿತ್ತಂತೆ. 'ಅಂತೆ' ಎಂದು ಬರೆದೆ. ನಾನೂ ಕೇಳಿದ್ದೇನೆ, ನಿಜವೇ.

ಅವನು ಕೊನೆಯ ವರ್ಷದಲ್ಲಿದ್ದಾಗ ನಮ್ಮ ತಂದೆಯವರು ತೀರಿಕೊಂಡರು. ತಂದೆಯವರದು ಪೇಟೆಬೀದಿಯಲ್ಲಿ ಒಂದು ಸಣ್ಣ ಟೈಲರ್ ಅಂಗಡಿ. ಅಣ್ಣ ಪರೀಕ್ಷೆ ಮುಗಿಸಿದ, ಒಳ್ಳೆಯ ದರ್ಜೆಯಲ್ಲಿ ತೇರ್ಗಡೆಯಾದ, ಎಂ.ಎ.ಗೆ ಸೀಟು ಸಿಕ್ಕಿದ ಪತ್ರವನ್ನು ಮಡಿಸಿ ತಂದೆಯವರ ಅಳತೆಯ ಪುಸ್ತಕದೊಳಗೆ ಇಟ್ಟ, ಮರುದಿನ ಬೆಳಗ್ಗೆ ಹೋಗಿ ಮೆಷಿನ್ನಿನ ಮುಂದೆ ಕುಳಿತ. ಈ ವಿಷಯ ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಅವನು ಕುಳಿತದ್ದರಿಂದ ನಾನು ಇಲ್ಲಿದ್ದೇನೆ ಎಂಬಷ್ಟನ್ನು ಮಾತ್ರ ಓದುಗರು ನೆನಪಿಟ್ಟುಕೊಂಡರೆ ಸಾಕು.

ಸಂಪಾದಕ ಮಂಡಲಿಯವರು ಲೇಖನ ಕೇಳಿದಾಗ, ಚಿತ್ರಕಥೆಗಳ ಅತಿಮಾನುಷ ವೀರರನ್ನು ಕುರಿತು ಬರೆಯುತ್ತೇನೆಂದೆ. ಒಬ್ಬರು ನಕ್ಕರು. ಪಂಪನ ಮೇಲೆ ಒಂದು, ಗ್ರಾಮೀಣ ಸಾಲದ ಮೇಲೆ ಒಂದು ಲೇಖನವಿರುವ ಸಂಚಿಕೆಯಲ್ಲಿ ಬಿಗಿಚಡ್ಡಿಯ ವೀರರಿಗೇನು ಕೆಲಸ? ಆದರೆ ಹಿರಿಯನೊಬ್ಬನ ಹೆಸರನ್ನೂ ಉಡುಪನ್ನೂ ಹೊತ್ತುಕೊಂಡು ಬಂದವನು ತಾನೂ ಒಬ್ಬ ಮನುಷ್ಯನೆನಿಸಿಕೊಳ್ಳಬಹುದೇ ಎಂಬ ಪ್ರಶ್ನೆಯನ್ನು ಈ ಬಣ್ಣದ ಪುಸ್ತಕಗಳಷ್ಟು ಪಟ್ಟುಹಿಡಿದು ಕೇಳಿದವು ನನಗೆ ಬೇರೆ ಸಿಕ್ಕಿಲ್ಲ. ಅಧ್ಯಾಪಕರು ಮನ್ನಿಸಬೇಕು.

ಮೊದಲು ತಂದೆಯವರ ಟ್ರಂಕಿನಿಂದ ಪ್ರಾರಂಭಿಸುತ್ತೇನೆ. ಅದರಲ್ಲಿ ಹಳೆಯ ಇಂದ್ರಜಾಲ ಕಾಮಿಕ್ಸ್ ಸಂಚಿಕೆಗಳು ಇಪ್ಪತ್ತೋ ಮೂವತ್ತೋ ಇದ್ದವು. 1964ರಲ್ಲಿ ಪ್ರಾರಂಭವಾಗಿ 1990ರಲ್ಲಿ ನಿಂತುಹೋದ ಈ ಮಾಲೆಯ ಮುಖ್ಯ ವೀರ ಫ್ಯಾಂಟಮ್. ಅವನನ್ನು ಲೀ ಫಾಕ್ ಎಂಬಾತ 1936ರಲ್ಲಿ ಅಮೆರಿಕದ ದಿನಪತ್ರಿಕೆಗಳಿಗಾಗಿ ಸೃಷ್ಟಿಸಿದ. ಕಥೆ ಹೀಗೆ: 1536ರಲ್ಲಿ ಕಡಲ್ಗಳ್ಳರ ಕೈಯಲ್ಲಿ ತಂದೆಯನ್ನು ಕಳೆದುಕೊಂಡು, ದಡಕ್ಕೆ ಬಂದು ಬಿದ್ದ ಒಬ್ಬ ಯುವಕ, ತಂದೆಯನ್ನು ಕೊಂದವನ ತಲೆಬುರುಡೆಯನ್ನು ಮುಟ್ಟಿ ಪ್ರತಿಜ್ಞೆ ಮಾಡುತ್ತಾನೆ. ಅವನು ಸತ್ತರೆ ಅವನ ಮಗ, ಮಗ ಸತ್ತರೆ ಮೊಮ್ಮಗ, ಹೀಗೆ ಅದೇ ಮುಖವಾಡ, ಅದೇ ಬುರುಡೆಯ ಉಂಗುರ. ನಾವು ಓದುವವನು ಇಪ್ಪತ್ತೊಂದನೆಯವನು. ಆದರೆ ಕಾಡಿನ ಜನಕ್ಕೆ ಇದು ತಿಳಿಯದು. ನಾಲ್ಕು ನೂರು ವರ್ಷಗಳಿಂದ ಒಬ್ಬನೇ ಇದ್ದಾನೆ, ಅವನಿಗೆ ಸಾವಿಲ್ಲ ಎಂದೇ ಅವರ ನಂಬಿಕೆ.

ಇಲ್ಲಿ ಪ್ರಶ್ನೆ ತಲೆಕೆಳಗಾಗುವುದನ್ನು ಗಮನಿಸಬೇಕು. ಫ್ಯಾಂಟಮನ ಮಗನು ತನ್ನ ತಂದೆಗಿಂತ ಬೇರೆಯಾಗಿ ಕಂಡರೆ ಅವನ ಕೆಲಸವೇ ಕೆಟ್ಟಿತು. ಬೇರೆಯಾಗದಿರುವುದೇ ಅವನ ಬಲ. ಗುಹೆಯಲ್ಲಿ ಪ್ರತಿಯೊಬ್ಬನೂ ಬರೆದಿಟ್ಟ ದಿನಚರಿಯ ಸಂಪುಟಗಳಿವೆ. ಇಪ್ಪತ್ತು ಮಂದಿ ಪ್ರತ್ಯೇಕ ಮನುಷ್ಯರಿದ್ದರೆನ್ನುವುದಕ್ಕೆ ಅಲ್ಲಿ ದಾಖಲೆಯಿದೆ. ಹೊರಗೆ ಮಾತ್ರ ಒಬ್ಬನೇ. ಹುಡುಗನಾಗಿದ್ದಾಗ ನನಗೆ ಇದು ಭವ್ಯವಾಗಿ ಕಂಡಿತ್ತು. ಈಗ ಸ್ವಲ್ಪ ಭಯವಾಗುತ್ತದೆ. ಹದಿಮೂರನೆಯವನಿಗೋ ಹದಿನಾಲ್ಕನೆಯವನಿಗೋ ಒಂದು ದಿನವಾದರೂ ಮುಖವಾಡ ತೆಗೆದು "ನಾನು ಬೇರೆ" ಎಂದು ಕೂಗಬೇಕೆನ್ನಿಸಲಿಲ್ಲವೇ?

ತಂದೆಯವರ ಸಂಶಯ ಮಾತ್ರ ಬೇರೆ ಬಗೆಯದು. ಅವರು ಆ ಪುಸ್ತಕಗಳನ್ನು ನಮಗೆ ಓದಿ ಹೇಳುವಾಗ ಪ್ರತಿ ಸಲವೂ ಒಂದೆಡೆ ನಿಲ್ಲಿಸಿ, "ಎಲ್ಲಾ ಸರಿ ಕಣ್ರೋ, ಇಪ್ಪತ್ತೊಂದು ತಲೆಮಾರಿಗೂ ಒಂದೇ ಅಳತೆ ಹೇಗೋ ಸರಿಹೋಯಿತು?" ಎನ್ನುತ್ತಿದ್ದರು. ನಾವು ನಗುತ್ತಿದ್ದೆವು. ಅವರು ನಗುತ್ತಿರಲಿಲ್ಲ. ವೃತ್ತಿಯ ಸಂಶಯ ಅದು.

ಅಣ್ಣ ಚರ್ಚಾಸ್ಪರ್ಧೆಗೆಂದು ಬೆಂಗಳೂರಿಗೆ ಹೋದಾಗಲೆಲ್ಲ ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ರಾಶಿಯಿಂದ ಇಂಗ್ಲಿಷ್ ಚಿತ್ರಕಥೆಗಳನ್ನು ಆರಿಸಿ ತರುತ್ತಿದ್ದ. ಹಾಗೆ ನಮ್ಮ ಮನೆಗೆ ಬಂದವನು 'ಫ್ಲ್ಯಾಷ್', ಎಂದರೆ ಮಿಂಚು. ಓಡುವುದೊಂದೇ ಇವನ ವಿದ್ಯೆ. ನನಗೆ ಸೂಪರ್‌ಮ್ಯಾನನಿಗಿಂತ ಇವನು ಪ್ರಿಯ, ಏಕೆಂದರೆ ಫ್ಲ್ಯಾಷ್ ಒಬ್ಬನಲ್ಲ. ಪಟ್ಟಕ್ಕೆ ಬಂದವರ ಒಂದು ಸಾಲು.

ಮೊದಲನೆಯವನು ಜೇ ಗ್ಯಾರಿಕ್, 1940ರಲ್ಲಿ ಬಂದವನು. ತಲೆಗೆ ರೆಕ್ಕೆಯುಳ್ಳ ಲೋಹದ ಟೋಪಿ. ರೋಮನರ ಮರ್ಕ್ಯುರಿ ದೇವತೆಯ ಹಾಗೆ. ಯುದ್ಧ ಮುಗಿದ ಮೇಲೆ ಇಂಥ ವೀರರ ಮೇಲೆ ಜನಕ್ಕೆ ಆಸಕ್ತಿ ಕಡಿಮೆಯಾಗಿ, 1949ರಲ್ಲಿ ಅವನ ಪತ್ರಿಕೆ ನಿಂತಿತು. 1956ರಲ್ಲಿ ಜೂಲಿಯಸ್ ಶ್ವಾರ್ಟ್ಸ್ ಎಂಬ ಸಂಪಾದಕರು ಅದೇ ಹೆಸರನ್ನು ಮತ್ತೆ ಎತ್ತಿಕೊಂಡರು. ಆದರೆ ಹಳಬನನ್ನು ಕರೆತರಲಿಲ್ಲ. ಬ್ಯಾರಿ ಆಲೆನ್ ಎಂಬ ಹೊಸಬ, ಪೊಲೀಸ್ ಇಲಾಖೆಯ ವಿಜ್ಞಾನಿ, ಪ್ರಯೋಗಶಾಲೆಗೆ ಸಿಡಿಲು ಬಡಿದು ರಸಾಯನಗಳಲ್ಲಿ ಮಿಂದು ವೇಗ ಪಡೆದವನು. ಇದರಲ್ಲಿ ಒಂದು ಚೆಲುವಾದ ಕುಶಲತೆಯಿದೆ. ಬ್ಯಾರಿ ಆ ಹೆಸರನ್ನಿಟ್ಟುಕೊಳ್ಳುವುದು ಚಿಕ್ಕಂದಿನಲ್ಲಿ ತಾನು ಜೇ ಗ್ಯಾರಿಕನ ಚಿತ್ರಕಥೆಗಳನ್ನು ಓದಿದ್ದರಿಂದ! ಅಂದರೆ ಹಿಂದಿನವನು ಇವನಿಗೆ ಬರಿಯ ಕಥೆ. ಕಥೆಯಲ್ಲಿನ ಪೂರ್ವಿಕನು ಎದುರಿಗೆ ಬಂದು ಹೆಗಲಮೇಲೆ ಕೈಯಿಡುವುದಿಲ್ಲವಾದ್ದರಿಂದ ಬ್ಯಾರಿಗೆ ಯಾವ ಭಾರವೂ ಇರಲಿಲ್ಲ. 1961ರಲ್ಲಿ ಇಬ್ಬರೂ ಎದುರುಬದುರಾದಾಗಲೂ ಎರಡು ಬೇರೆ ಬೇರೆ ಭೂಮಿಗಳವರಾಗಿ, ನೆಂಟರ ಹಾಗೆ ಕೈಕುಲುಕಿದರು. ದೂರದಲ್ಲಿರುವ ಹಿರಿಯರನ್ನು ಗೌರವಿಸುವುದು ಸುಲಭ.

ನಿಜವಾದ ಕಷ್ಟ ವಾಲಿ ವೆಸ್ಟನದು. ಅವನು ಮನೆಯವನು. ಬ್ಯಾರಿ ಮದುವೆಯಾಗಲಿದ್ದ ಹುಡುಗಿಯ ಅಣ್ಣನ ಮಗ. 1959ರ ಕೊನೆಗೆ ಅವನ ಪ್ರವೇಶವಾದಾಗ, ಕಥೆಗಾರರು ಏನೂ ಶ್ರಮಪಡದೆ ಅದೇ ಸಿಡಿಲನ್ನು ಅದೇ ಪ್ರಯೋಗಶಾಲೆಯಲ್ಲಿ ಎರಡನೆಯ ಸಲ ಬೀಳಿಸಿದರು. ಮೈಮೇಲೆ ಬ್ಯಾರಿಯ ಕೆಂಪು ಅಂಗಿಯದೇ ಚಿಕ್ಕ ಪ್ರತಿ. ಹೆಸರು 'ಕಿಡ್ ಫ್ಲ್ಯಾಷ್', ಮರಿಮಿಂಚು. 1963ರಲ್ಲಿ ಅವನಿಗೆ ಬೇರೆ ಬಣ್ಣದ ಉಡುಪು ಬಂತು, ಹಳದಿ. ಚಿತ್ರದಲ್ಲಿ ಇಬ್ಬರೂ ಓಡುವಾಗ ಯಾರು ಯಾರೆಂದು ಓದುಗರಿಗೆ ತಿಳಿಯಲೆಂಬ ಅನುಕೂಲಕ್ಕಾಗಿ ಮಾಡಿದ್ದಿರಬಹುದು. ನನಗೆ ಮಾತ್ರ ಆ ಪುಟ ನೋಡಿದಾಗ ಏನೋ ಸಮಾಧಾನ. ಅಣ್ಣನ ಶಾಲೆಯ ಅಂಗಿಗಳನ್ನೇ ಏಳನೆಯ ತರಗತಿಯವರೆಗೆ ತೊಟ್ಟವನಿಗೆ ಹಳದಿಯ ಬೆಲೆ ಗೊತ್ತು. ಟೈಲರನ ಮಕ್ಕಳಿಗೆ ಹೊಸ ಬಟ್ಟೆ ಕೊನೆಗೆ.

1985ರಲ್ಲಿ ಬ್ಯಾರಿ ಸತ್ತ. ಲೋಕಗಳನ್ನೆಲ್ಲ ನುಂಗಲು ಹೊರಟ ಒಂದು ಯಂತ್ರವನ್ನು ನಾಶಮಾಡುವುದಕ್ಕಾಗಿ ತನ್ನ ದೇಹವೇ ಕರಗಿಹೋಗುವಷ್ಟು ಓಡಿದ; ಉಳಿದದ್ದು ಬರಿಯ ಉಡುಪು. ಮರುವರ್ಷ ವಾಲಿ ಹಳದಿಯನ್ನು ಬಿಚ್ಚಿ ಆ ಕೆಂಪನ್ನು ತೊಟ್ಟ.

ಇಲ್ಲಿಂದ ಮುಂದೆ ಕಥೆಗಾರರು ಮಾಡಿದ್ದು ನನಗೆ ಬಹಳ ಹಿಡಿಸಿತು. ವಾಲಿಯನ್ನು ಅವರು ಎತ್ತರಿಸಲಿಲ್ಲ, ತಗ್ಗಿಸಿದರು. ಬ್ಯಾರಿಗೆ ಬೆಳಕಿನ ವೇಗ ಸಾಧ್ಯವಿತ್ತು. ವಾಲಿಗೆ ಶಬ್ದದ ವೇಗ ದಾಟುವುದೇ ಕಷ್ಟ. ಓಡಿದರೆ ಬಕಾಸುರನ ಹಸಿವು. 1987ರಲ್ಲಿ ಅವನ ಪತ್ರಿಕೆ ಹೊಸದಾಗಿ ಪ್ರಾರಂಭವಾದಾಗ, ಮೊದಲನೆಯ ಸಂಚಿಕೆಯಲ್ಲಿ ಅವನು ರೋಗಿಯೊಬ್ಬರಿಗೆ ಜೋಡಿಸಬೇಕಾದ ಹೃದಯವನ್ನು ನ್ಯೂಯಾರ್ಕಿನಿಂದ ಸಿಯಾಟಲಿನವರೆಗೆ ಓಡಿ ತಲಪಿಸುತ್ತಾನೆ. ಅದಕ್ಕೆ ಪ್ರತಿಯಾಗಿ ಕೇಳುವುದೇನು? ಆರೋಗ್ಯ ವಿಮೆ! ಬ್ಯಾರಿ ಹೀಗೆ ಕೇಳುವುದನ್ನು ಊಹಿಸಲೂ ಸಾಧ್ಯವಿಲ್ಲ. ಅವನಿಗೆ ಸರ್ಕಾರಿ ಸಂಬಳವಿತ್ತು. ವಾಲಿ ಮುಖವಾಡದ ಗುಟ್ಟನ್ನೂ ಇಟ್ಟುಕೊಳ್ಳಲಿಲ್ಲ. ಬಾಯಿ ಹೆಚ್ಚು, ಜಂಬ ಹೆಚ್ಚು, ಹಣ ಬಂದರೆ ನಿಲ್ಲದು. ಹಿರಿಯನ ಗುಣಗಳನ್ನೆಲ್ಲ ಪಡೆದವನು ನೆರಳಾಗಿ ಉಳಿಯುತ್ತಾನೆ. ತನ್ನದೇ ತಪ್ಪುಗಳಿರುವವನ ಮುಖ ನಮಗೆ ನೆನಪಿರುತ್ತದೆ.

ಇದಕ್ಕೆ ವಿರುದ್ಧವಾದ ಉದಾಹರಣೆ ಬ್ಯಾಟ್‌ಮ್ಯಾನನ ಜೊತೆಗಾರ ರಾಬಿನ್. ಮೊದಲ ರಾಬಿನ್ ಡಿಕ್ ಗ್ರೇಸನ್ ದೊಡ್ಡವನಾಗಿ, 1984ರಲ್ಲಿ 'ನೈಟ್‌ವಿಂಗ್' ಎಂಬ ಸ್ವಂತ ಹೆಸರಿಟ್ಟುಕೊಂಡು ಸಾಲಿನಿಂದ ಹೊರಗೆ ನಡೆದ. ಅವನ ಜಾಗಕ್ಕೆ ಬಂದ ಜೇಸನ್ ಟಾಡ್ 1983ರಲ್ಲಿ ಮೊದಲು ಕಾಣಿಸಿಕೊಂಡಾಗ ಅವನೂ ಸರ್ಕಸ್ಸಿನವನೇ, ಅವನ ತಂದೆತಾಯಿಗಳೂ ದುಷ್ಟರ ಕೈಯಲ್ಲಿ ಸತ್ತವರೇ. ಕಾರ್ಬನ್ ಪ್ರತಿ. ಆಮೇಲೆ ಅವನ ಪೂರ್ವಕಥೆಯನ್ನು ಬದಲಿಸಿ ಬೀದಿಯ ಒರಟು ಹುಡುಗನನ್ನಾಗಿ ಮಾಡಿದರು; ಆಗ ಓದುಗರು ಮೊದಲಿನವನ ಹಾಗಿಲ್ಲವೆಂದು ಸಿಟ್ಟಾದರು. 1988ರಲ್ಲಿ ಪ್ರಕಾಶಕರು ಎರಡು ದೂರವಾಣಿ ಸಂಖ್ಯೆಗಳನ್ನು ಅಚ್ಚುಮಾಡಿ, ಈ ಹುಡುಗ ಸಾಯಬೇಕೇ ಬದುಕಬೇಕೇ ಎಂದು ಓದುಗರನ್ನೇ ಕೇಳಿದರು. ಸಾಯಲಿ ಎಂದವರು 5,343; ಬದುಕಲಿ ಎಂದವರು 5,271. ಎಪ್ಪತ್ತೆರಡು ಕರೆಗಳ ಅಂತರದಲ್ಲಿ ಹುಡುಗ ಸತ್ತ. ನಮ್ಮ ವಿದ್ಯಾರ್ಥಿ ಸಂಘದ ಚುನಾವಣೆಗಿಂತ ಕ್ರೂರವಾದ ಚುನಾವಣೆ ಇದೊಂದೇ ಎಂದು ಕಾಣುತ್ತದೆ. ಪೂರ್ವಿಕನಂತೆ ಇದ್ದರೆ ಪ್ರತಿ, ಇಲ್ಲದಿದ್ದರೆ ದ್ರೋಹಿ. ಉತ್ತರಾಧಿಕಾರಿಗೆ ಓದುಗರು ಇಡುವ ಎರಡು ತಟ್ಟೆಗಳು ಇವು. ಇದನ್ನು ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ನಮ್ಮವರಿಗೂ ಈ ಸಂಕಟ ಹೊಸದಲ್ಲ. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಬಭ್ರುವಾಹನ ಕಾಣಿಕೆ ಹಿಡಿದು ತಂದೆಯ ಕಾಲಿಗೆ ಬೀಳಲು ಬಂದಾಗ ಅರ್ಜುನ ಅವನನ್ನು ಅಭಿಮನ್ಯುವಿನೊಡನೆ ಹೋಲಿಸಿ ಹೀಯಾಳಿಸುತ್ತಾನೆ. ಸತ್ತ ಸೋದರನೊಡನೆ ಹೋಲಿಕೆ! ಅದಕ್ಕೆ ಆ ಹುಡುಗ ಕೊಟ್ಟ ಉತ್ತರ ಎಲ್ಲರಿಗೂ ಗೊತ್ತು. 1977ರ ಚಲನಚಿತ್ರದಲ್ಲಿ ತಂದೆ ಮಗ ಇಬ್ಬರ ಪಾತ್ರವನ್ನೂ ರಾಜಕುಮಾರರೇ ವಹಿಸಿದ್ದು ನನಗೆ ಅರ್ಥಪೂರ್ಣವಾಗಿ ಕಂಡಿದೆ, ನಿರ್ಮಾಪಕರು ಅಷ್ಟು ದೂರ ಯೋಚಿಸಿರಲಿ ಬಿಡಲಿ.

ಇತ್ತೀಚಿನವರಲ್ಲಿ ಇಬ್ಬರನ್ನು ಹೇಳಲೇಬೇಕು. ಒಬ್ಬಳು ಕಮಲಾ ಖಾನ್. 2014ರಲ್ಲಿ ಜಿ. ವಿಲ್ಲೋ ವಿಲ್ಸನ್ ಬರೆದ 'ಮಿಸ್ ಮಾರ್ವೆಲ್' ಪತ್ರಿಕೆಯ ನಾಯಕಿ. ನ್ಯೂಜೆರ್ಸಿಯ ಜೆರ್ಸಿ ಸಿಟಿಯಲ್ಲಿರುವ ಪಾಕಿಸ್ತಾನಿ ಮೂಲದ ಮನೆಯ ಹುಡುಗಿ. ಅವಳ ಆರಾಧ್ಯ ದೇವತೆ ಕ್ಯಾರಲ್ ಡ್ಯಾನ್ವರ್ಸ್, 1977ರಿಂದ ಆ ಹೆಸರನ್ನು ಹೊತ್ತಿದ್ದವಳು. ಬೇಕಾದ ರೂಪ ತಾಳುವ ಶಕ್ತಿ ಬಂದ ಕೂಡಲೆ ಕಮಲಾ ಮಾಡುವುದೇನೆಂದರೆ ಕ್ಯಾರಲಳಾಗಿಬಿಡುವುದು: ಹೊಂಬಣ್ಣದ ಕೂದಲು, ಬಿಳಿಯ ಮೈ, ಎತ್ತರದ ಬೂಟು. ಬಯಸಿದ್ದು ಸಿಕ್ಕಿತು. ಆದರೆ ಬೂಟು ಕಚ್ಚುತ್ತದೆ, ಕೂದಲು ಕಣ್ಣಿಗೆ ಬೀಳುತ್ತದೆ, ಉಡುಪು ಅಲ್ಲಲ್ಲಿ ಸಿಕ್ಕಿಕೊಳ್ಳುತ್ತದೆ. ಕೊನೆಗೆ ತನ್ನ ಈಜುಡುಗೆಗೆ ತಾನೇ ಬಣ್ಣ ಬಳಿದು, ತನ್ನ ಮೂಗು ತನ್ನ ಕೂದಲಿನಲ್ಲೇ ಹೊರಡುತ್ತಾಳೆ. ಹೆಸರನ್ನು ಮಾತ್ರ ಬಿಡಲಿಲ್ಲ. ಈ ಮಾಲೆಗೆ 2015ರಲ್ಲಿ ಹ್ಯೂಗೋ ಪ್ರಶಸ್ತಿ ಬಂತು.

ಇನ್ನೊಬ್ಬ 2011ರಲ್ಲಿ ಬಂದ ಮೈಲ್ಸ್ ಮೊರಾಲೆಸ್, ಪೀಟರ್ ಪಾರ್ಕರ್ ಸತ್ತ ಮೇಲೆ ಸ್ಪೈಡರ್‌ಮ್ಯಾನ್ ಆದ ಬ್ರೂಕ್ಲಿನ್ ಹುಡುಗ. ಅವನನ್ನು ಕುರಿತ 2018ರ ಚಲನಚಿತ್ರವನ್ನು ನಾವು ಹಾಸ್ಟೆಲಿನಲ್ಲಿ ಒಂದು ಮೊಬೈಲಿನ ಸುತ್ತ ಆರು ಮಂದಿ ಕುಳಿತು ನೋಡಿದೆವು. ಮೊದಲು ಅಂಗಡಿಯಲ್ಲಿ ಕೊಂಡ ಅಳತೆ ಸೇರದ ವೇಷದಲ್ಲಿ ಒದ್ದಾಡುವ ಹುಡುಗ, ಕೊನೆಗೆ ಪೀಟರನ ಉಡುಪಿನ ಮೇಲೆ ಕಪ್ಪು ಬಣ್ಣ ಸಿಂಪಡಿಸಿ ತನ್ನದಾಗಿ ಮಾಡಿಕೊಳ್ಳುತ್ತಾನೆ. ಬಟ್ಟೆ ಹಿರಿಯನದು, ಬಣ್ಣ ತನ್ನದು. ಅದೇ ಸ್ಪೈಡರ್‌ಮ್ಯಾನನನ್ನು 2004ರಲ್ಲಿ ಮುಂಬಯಿಗೆ ತಂದು ಪವಿತ್ರ ಪ್ರಭಾಕರ ಎಂದು ಕರೆದು, ಚಿಕ್ಕಪ್ಪನಿಗೆ ಭೀಮ, ಚಿಕ್ಕಮ್ಮನಿಗೆ ಮಾಯಾ ಎಂದು ಹೆಸರಿಟ್ಟು, ಧೋತಿ ಉಡಿಸಿದರು. ಧೋತಿ ಚೆನ್ನಾಗಿತ್ತು. ಆದರೆ ಒಳಗಿದ್ದವನು ಪೀಟರನೇ. ನಮ್ಮ ದೇಶದವನೆಂಬ ಅಭಿಮಾನದಿಂದ ಬಹಳ ಪ್ರಯತ್ನಪಟ್ಟೆ, ಮನಸ್ಸು ಒಪ್ಪಲಿಲ್ಲ.

ಇಷ್ಟೆಲ್ಲ ತಿಳಿದವನು ನಾನು. ಕಳೆದ ವರ್ಷದ ಅಂತರಕಾಲೇಜು ಚರ್ಚಾಸ್ಪರ್ಧೆಯಲ್ಲಿ ನಾನು ನಡೆದುಕೊಂಡ ರೀತಿಯನ್ನು ಈಗ ಹೇಳಬೇಕು.

ನಮ್ಮ ಕಾಲೇಜಿನಿಂದ ನನ್ನನ್ನು ಕಳಿಸಿದ್ದರು. ಮೈಮೇಲೆ ಅಣ್ಣನ ಕರಿಯ ಕೋಟು. ತಂದೆಯವರು ಅವನ ಮೊದಲ ಸ್ಪರ್ಧೆಗೆಂದು ಹೊಲಿದದ್ದು. ಅವರು ಹೊಲಿದ ಕೊನೆಯ ಕೋಟುಗಳಲ್ಲಿ ಒಂದು. ಬೆಳಗಿನ ಸುತ್ತಿನಲ್ಲಿ ನಾನು ಚೆನ್ನಾಗಿ ಮಾತನಾಡಿದೆ. ಹೇಳಿಕೊಳ್ಳಬಾರದು, ಆದರೂ ಚೆನ್ನಾಗಿತ್ತು. ಊಟದ ಹೊತ್ತಿನಲ್ಲಿ, ಅಣ್ಣನನ್ನು ಹಿಂದೆ ಕೇಳಿದ್ದ ಹಿರಿಯರೊಬ್ಬರು ಬೆನ್ನು ತಟ್ಟಿ, "ಅಣ್ಣನನ್ನೇ ಮೀರಿಸುತ್ತೀಯಪ್ಪಾ ನೀನು!" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆ ತುತ್ತು ನನ್ನ ಗಂಟಲಿನಲ್ಲಿ ಇಳಿಯಲಿಲ್ಲ.

ಮಧ್ಯಾಹ್ನ ಅಂತಿಮ ಸುತ್ತು. ಐದು ನಿಮಿಷದ ಅವಧಿ. ನಾಲ್ಕನೆಯ ನಿಮಿಷದಲ್ಲಿ ಸಭೆ ನನ್ನ ಕೈಯಲ್ಲಿತ್ತು. ಅದು ಮಾತನಾಡುವವನಿಗೆ ಕಾಲಿನ ಕೆಳಗೆ ತಿಳಿಯುತ್ತದೆ. ಕೊನೆಯ ಮಾತುಗಳು ನಾಲಗೆಯ ತುದಿಯಲ್ಲಿದ್ದವು. ಆಗ ನನ್ನ ಕಣ್ಣಿಗೆ ಸಭೆ ಕಾಣಲಿಲ್ಲ. ಮೆಟ್ಟಿಲ ಪಕ್ಕದ ಹಲಗೆ ಕಂಡಿತು. ಅವನ ಹೆಸರಿನ ಕೆಳಗೆ ನನ್ನ ಹೆಸರು ಕಂಡಿತು. ಆ ಹಲಗೆಯಿಂದ ಇನ್ನೂರು ಗಜ ದೂರದಲ್ಲಿ ಮೆಷಿನ್ ತುಳಿಯುತ್ತಿರುವ ಅವನ ಕಾಲು ಕಂಡಿತು. ಅವನಿಗೆ ಉಳಿದಿರುವುದು ಆ ಹಲಗೆಯೊಂದೇ, ಅದನ್ನೂ ನಾನು ತೆಗೆದುಕೊಳ್ಳುವುದೇ? "ಇಷ್ಟು ಹೇಳಿ ನನ್ನ ಮಾತು ಮುಗಿಸುತ್ತೇನೆ" ಎಂದು ಕೆಳಗಿಳಿದೆ. ಪಾಪ, ಹುಡುಗ ಮರೆತ ಎಂದರು. ಸಮಾಧಾನಕರ ಬಹುಮಾನ ಕೊಟ್ಟರು.

ಅಂಗಡಿಗೆ ಹೋದಾಗ ಅಣ್ಣ ಕಾಜಾ ಹೊಲಿಯುತ್ತಿದ್ದ. ತಲೆಯೆತ್ತದೆ ಕೇಳಿದ:

"ಮರೆತೆಯಂತೆ?"

"ಹೂಂ."

"ನಾಲ್ಕು ದಿನ ಈ ಮೆಷಿನ್ ಪಕ್ಕ ನಿಂತು ಒದರಿದ್ದೀಯ. ಆ ಕೊನೇ ಮಾತು ನನಗೇ ಬಾಯಿಪಾಠ ಆಗಿದೆ. ನಿನಗೆ ಮರೆತುಹೋಯಿತೇನೋ?"

ನಾನು ಸುಮ್ಮನೆ ನಿಂತೆ. ಅವನು ದಾರವನ್ನು ಹಲ್ಲಿನಿಂದ ಕಡಿದು, ಇನ್ನೊಂದು ಗುಂಡಿಯ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿದ. ಬಹಳ ಹೊತ್ತಿನ ಮೇಲೆ, "ಕೋಟು ತೆಗಿ" ಎಂದ. ತೆಗೆದುಕೊಟ್ಟೆ. ಬಲಗಂಕುಳ ಕೆಳಗೆ ಹೊಲಿಗೆ ಬಿಟ್ಟುಹೋಗಿತ್ತು. ಮಾತಿನ ಭರದಲ್ಲಿ ಕೈಯೆತ್ತಿದಾಗ ಹರಿದಿರಬೇಕು. ನನಗೆ ಗೊತ್ತೇ ಆಗಿರಲಿಲ್ಲ.

ಆ ಚಳಿಗಾಲದಲ್ಲಿ ನಾನು ಅಣ್ಣನ ರಾಶಿಯಲ್ಲಿ 1993ರ ಫ್ಲ್ಯಾಷ್ ಸಂಚಿಕೆಗಳನ್ನು ಮತ್ತೆ ಓದಿದೆ. ಮಾರ್ಕ್ ವೇಯ್ಡ್ ಬರೆದ ಆರು ಸಂಚಿಕೆಗಳ ಕಥೆ. ಸತ್ತ ಬ್ಯಾರಿ ಒಂದು ದಿನ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಎಲ್ಲರಿಗೂ ಆನಂದ, ವಾಲಿಗೆ ಆನಂದದ ಅಡಿಯಲ್ಲಿ ಇನ್ನೇನೋ. ಬರಬರುತ್ತ ಬ್ಯಾರಿಯ ನಡತೆ ಕೆಡುತ್ತದೆ. ಫ್ಲ್ಯಾಷ್ ಎಂದರೆ ತಾನೊಬ್ಬನೇ ಎಂದು ವಾಲಿಯ ಮೇಲೆ ಕಿಡಿಕಾರುತ್ತಾನೆ, ಅವನನ್ನು ಸಾಯಲು ಬಿಟ್ಟು ಹೋಗುತ್ತಾನೆ. ಕೊನೆಗೆ ತಿಳಿಯುತ್ತದೆ, ಅವನು ಬ್ಯಾರಿಯಲ್ಲ, ಬ್ಯಾರಿಯ ರೂಪದಲ್ಲಿ ಬಂದ ಹಳೆಯ ಶತ್ರು. ಆದರೆ ಕಥೆಯ ತಿರುಳು ಅದಲ್ಲ. ಇಷ್ಟು ವರ್ಷ ವಾಲಿಗೆ ಬ್ಯಾರಿಯ ವೇಗ ಏಕೆ ಬರಲಿಲ್ಲವೆಂಬುದು ಇಲ್ಲಿ ಬಿಚ್ಚಿಕೊಳ್ಳುತ್ತದೆ. ಅವನ ಕಾಲಿಗೆ ರೋಗವಿರಲಿಲ್ಲ. ಬ್ಯಾರಿಯಷ್ಟೇ ವೇಗವಾಗಿ ಓಡಿದರೆ ತಾನು ಬ್ಯಾರಿಯ ಜಾಗವನ್ನು ನಿಜವಾಗಿಯೂ ತುಂಬಿಬಿಡುತ್ತೇನೆ, ಆಗ ಬ್ಯಾರಿ ನಿಜವಾಗಿಯೂ ಸತ್ತಂತೆ ಎಂಬ ಹೆದರಿಕೆಯಿಂದ ಅವನೇ ತನ್ನನ್ನು ಹಿಡಿದಿಟ್ಟುಕೊಂಡಿದ್ದ. ಅದು ಅವನಿಗೇ ತಿಳಿದಿರಲಿಲ್ಲ.

ನಾನು ಪುಸ್ತಕ ಮುಚ್ಚಿದೆ. ಇದನ್ನು ಮೊದಲೂ ಓದಿದ್ದೆ. ಹನ್ನೆರಡು ವರ್ಷದವನಿಗೆ ಹೊಡೆದಾಟ ಮಾತ್ರ ಕಂಡಿತ್ತು.

ಆದರೆ ವಾಲಿಯ ಕಥೆ ಅಲ್ಲಿಗೆ ಮಂಗಳವಾಗಿದ್ದರೆ ನನ್ನ ವಾದ ಸುಲಭವಾಗುತ್ತಿತ್ತು. 2008ರಲ್ಲಿ ಪ್ರಕಾಶಕರು ನಿಜವಾದ ಬ್ಯಾರಿಯನ್ನೇ ಬದುಕಿಸಿ ತಂದರು. ಇಪ್ಪತ್ತಕ್ಕೂ ಹೆಚ್ಚು ವರ್ಷ ವಾಲಿಯನ್ನೇ ಫ್ಲ್ಯಾಷ್ ಎಂದು ತಿಳಿದು ಬೆಳೆದ ಒಂದು ಪೀಳಿಗೆಯಿತ್ತು. 2001ರ ದೂರದರ್ಶನದ 'ಜಸ್ಟಿಸ್ ಲೀಗ್' ಮಾಲೆಯ ಫ್ಲ್ಯಾಷ್ ಕೂಡ ವಾಲಿಯೇ. ಆದರೂ 2011ರಲ್ಲಿ ಎಲ್ಲ ಕಥೆಗಳನ್ನೂ ಮೊದಲಿನಿಂದ ಪ್ರಾರಂಭಿಸಿದಾಗ ವಾಲಿಯನ್ನು ಇಲ್ಲವೆನ್ನಿಸಿಬಿಟ್ಟರು. ಐದು ವರ್ಷ ಅವನು ಮುಖ್ಯ ಕಥೆಗಳಲ್ಲಿ ಇಲ್ಲ. 2016ರಲ್ಲಿ ಹಿಂದಿರುಗಿದಾಗ, ಲೋಕದಲ್ಲಿ ಯಾರಿಗೂ ನೆನಪಿಲ್ಲದ ಅವನನ್ನು ನೆನಪಿಸಿಕೊಂಡು ಕೈಹಿಡಿದೆಳೆಯುವವನು ಬ್ಯಾರಿಯೇ. 2021ರಿಂದ ಮತ್ತೆ ಪತ್ರಿಕೆಯ ಮುಖ್ಯ ಓಟಗಾರನಾದ. ಇದರಲ್ಲಿ ಕಲೆಗಿಂತ ವ್ಯಾಪಾರ ಹೆಚ್ಚೆಂದು ನಾನು ಬಲ್ಲೆ. ಹೆಸರು ಕಂಪನಿಯ ಸೊತ್ತು, ಅದರೊಳಗಿನ ಮನುಷ್ಯ ಬಾಡಿಗೆದಾರ. ಉತ್ತರಾಧಿಕಾರಿ ಎಷ್ಟೇ ಚೆನ್ನಾಗಿ ಬಾಳಿದರೂ ಮನೆಯ ಪತ್ರ ಅವನ ಹೆಸರಿಗಿರುವುದಿಲ್ಲ. ಹೀಗಿದ್ದೂ ಓದುಗರು ಅವನನ್ನು ಮರೆಯಲಿಲ್ಲವೆಂಬುದು ಮಾತ್ರ ಕಂಪನಿಯ ಲೆಕ್ಕದಲ್ಲಿಲ್ಲದ ಸಂಗತಿ.

ಈ ವಿಷಯವನ್ನು ಒಂದು ಸಂಜೆ ಅಣ್ಣನಿಗೆ ಹೇಳಿದೆ. ಪ್ರಕಾಶಕರ ವಿಚಾರ ಹೇಳುವ ನೆಪದಲ್ಲಿ ಚರ್ಚಾಸ್ಪರ್ಧೆಯದನ್ನೂ ಹೇಳಿಬಿಟ್ಟೆ. ಅವನು ನಕ್ಕ. ಬೈಯುತ್ತಾನೆಂದುಕೊಂಡಿದ್ದೆ; ನಕ್ಕದ್ದು ಅದಕ್ಕಿಂತ ಕಷ್ಟವಾಯಿತು.

"ಆ ಹಲಗೆ ನೋಡಿ ಎಷ್ಟು ದಿನ ಆಯಿತೋ ಏನೋ," ಎಂದ. ಆಮೇಲೆ ಕತ್ತರಿ ಕೆಳಗಿಟ್ಟು, "ಅಪ್ಪನ ಹಾಗೆ ಕಾಲರ್ ನನಗೆ ಬರೋದಿಲ್ಲ, ಗೊತ್ತಾ ನಿನಗೆ? ಒಂದು ವರ್ಷ ಒದ್ದಾಡಿದೆ. ಅವರು ಹೊಲಿದ ಶರಟು ಬಿಚ್ಚಿ ಬಿಚ್ಚಿ ನೋಡಿದೆ. ಬರಲಿಲ್ಲ. ಆಮೇಲೆ ನನಗೆ ಬಂದ ಹಾಗೆ ಹೊಲಿದೆ. ಈಗ ಹುಡುಗರು ಈ ಕಾಲರೇ ಬೇಕು ಅಂತ ಬರುತ್ತಾರೆ. ಮುದುಕರು ನಿಮ್ಮಪ್ಪನ ಕೈ ನಿನಗಿಲ್ಲ ಅಂತ ಬಯ್ದುಕೊಂಡು ಬರುತ್ತಾರೆ. ಬರುವುದಂತೂ ಇಬ್ಬರೂ ಬರುತ್ತಾರೆ."

ಅಂಗಡಿಯ ಬೋರ್ಡಿನಲ್ಲಿ ಇಂದಿಗೂ ತಂದೆಯವರ ಹೆಸರೇ ಇದೆ. ಬಣ್ಣ ಮಾಸಿತ್ತು, ದೀಪಾವಳಿಗೆ ಹೊಸದಾಗಿ ಬರೆಸಿದ. ಅದೇ ಹೆಸರನ್ನೇ ಬರೆಸಿದ. ಈ ವರ್ಷ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಎಂ.ಎ.ಗೆ ಹಣ ಕಟ್ಟಿದ್ದಾನೆ. ಮುಂದಿನ ವರ್ಷ ನಾನೂ ಎಂ.ಎ.ಗೆ ಸೇರಿದರೆ ಅಣ್ಣ ತಮ್ಮ ಒಟ್ಟಿಗೆ ಓದಬೇಕಾಗುತ್ತದೆ. ಆಗ ಯಾರು ಯಾರ ತಮ್ಮನೋ ನೋಡೋಣ.

ಅಂದು ಅಂಗಡಿ ಮುಚ್ಚುವ ಮುಂಚೆ ಅವನು ಟೇಪು ತೆಗೆದುಕೊಂಡು, "ನೆಟ್ಟಗೆ ನಿಂತುಕೋ. ಉಸಿರು ಹಿಡೀಬೇಡ" ಎಂದ. ಅಳತೆಯ ಪುಸ್ತಕವನ್ನು ತಿರುವಿ ತಂದೆಯವರ ಕೈಬರಹದಲ್ಲಿದ್ದ ತನ್ನ ಪುಟವನ್ನು ತೆಗೆದ. ಎಂ.ಎ. ಸೀಟಿನ ಪತ್ರ ಅಲ್ಲೇ ಇತ್ತು. ಅದನ್ನು ಹಿಂದಕ್ಕೆ ಸರಿಸಿದ. ಅವನ ಎದೆ ಮೂವತ್ತಾರು, ಭುಜ ಹದಿನೇಳು. ನನ್ನದು ಎದೆ ಮೂವತ್ತೆಂಟು, ಭುಜ ಹದಿನೆಂಟು. "ಇದರೊಳಗೆ ಹೇಗೋ ತೂರಿಕೊಂಡಿದ್ದೆ ನೀನು?" ಎನ್ನುತ್ತ ಹೊಸ ಪುಟಕ್ಕೆ ನನ್ನ ಹೆಸರನ್ನು ಬರೆದ. ಪೂರ್ತಿ ಹೆಸರು, ಇನಿಷಿಯಲ್ ಸಹಿತ.

ಕೋಟು ಇನ್ನೂ ಆಗಿಲ್ಲ. ಮದುವೆಯ ಕಾಲ, ಗಿರಾಕಿಗಳ ಬಟ್ಟೆ ಮೊದಲು ಎನ್ನುತ್ತಾನೆ. ಬಟ್ಟೆ ಕತ್ತರಿಸಿ ಕಾಗದದಲ್ಲಿ ಸುತ್ತಿ ಮೇಲಿನ ಹಲಗೆಯ ಮೇಲಿಟ್ಟಿದ್ದಾನೆ. ಸ್ಪರ್ಧೆ ಬರುವ ತಿಂಗಳು ಹದಿನಾರನೆಯ ತಾರೀಖು.